ಮಾಲ್‌ನವರೇ, ಬಾಗಿಲ ಬೆಳಕಿಗೆ ಒಂದು ಕನ್ನಡಿ ಇಡಿ

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಬಂತೆಂದರೆ ನಿಮ್ಮ ಪುರವಣಿಯಲ್ಲಿ ಮೇಕಪ್ ಬಗ್ಗೆ ಏನಾದರೊಂದು ಬರಹ ಇದ್ದೇ ಇರುತ್ತದೆ. ಮೊದಲು ಪ್ರೈಮರ್, ಆಮೇಲೆ ಫೌಂಡೇಶನ್ ಅನ್ನೋ ಮೈಬಣ್ಣದ ಕ್ರೀಮು, ಅದರ ಮೇಲೆ ಪೌಡರ್. ಓದಿ ಖುಷಿಪಟ್ಟಿದ್ದೇನೆ, ಮಗಳಿಗೆ ಅಂತ ಕತ್ತರಿಸಿ ಇಟ್ಟದ್ದೂ ಇದೆ. ಆದರೆ ನಮ್ಮಂಥವರ ಬಣ್ಣಕ್ಕೆ ಹೊಂದುವ ಫೌಂಡೇಶನ್ ಬಾಟ್ಲಿ ನಮ್ಮ ಕಡೆ ಸಿಗುತ್ತದಾ ಅನ್ನೋದನ್ನು ಯಾರೂ ಬರೆದಂತೆ ಕಾಣಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕೋದು ನನ್ನ ಕಸುಬು, ಇದಕ್ಕೆ ಮಾತ್ರ ನೀವೇ ಹಾಕಿಕೊಳ್ಳಿ.

ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುತ್ತೇನೆ. 26 ವರ್ಷ ಆಯಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮಷಿನ್, ಒಂದು ನಿಲುವುಗನ್ನಡಿ, ಹ್ಯಾಂಗರ್ ತುಂಬ ಊರವರ ಬ್ಲೌಸ್. ನನ್ನ ಮೈಬಣ್ಣ ಕಪ್ಪು ಅಂದರೆ ಪೂರ್ತಿ ಕಪ್ಪಲ್ಲ, ಎಣ್ಣೆಗೆಂಪು ಅಂದರೆ ಅದಕ್ಕಿಂತ ಒಂದು ಕೈ ಜಾಸ್ತಿ. ಹೊಗೆ ಹಿಡಿಯದ ಹುಣಸೆಹಣ್ಣಿನ ಬಣ್ಣ ಅಂತ ನಮ್ಮಮ್ಮ ಹೇಳುತ್ತಿದ್ದರು. ಮುಖದ ವಿಷಯ ಪತ್ರಿಕೆಗೆ ಯಾಕೆ ಅನ್ನಬೇಡಿ, ಇಡೀ ಕಥೆ ಅದರ ಮೇಲೇ ನಿಂತಿದೆ.

ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಅವಳಿಗೆ ಬ್ಯೂಟಿಷಿಯನ್ ಬರುತ್ತಾಳೆ, ಅದು ಬೇರೆ ಲೆಕ್ಕ. ನನ್ನ ಮೇಲೆ ಅವಳ ಕಣ್ಣು ಬಿತ್ತು. "ಅಮ್ಮಾ, ಊರವರ ಮದುವೆಗೆಲ್ಲಾ ಬ್ಲೌಸ್ ಹೊಲಿದು ಕೊಟ್ಟು ನೀನು ಮಾತ್ರ ಪೌಡರ್ ಬಳ್ಕೊಂಡು ನಿಂತ್ಕೋತೀಯ. ಈ ಸಲ ಒಂದೇ ಒಂದು ಒಳ್ಳೇ ಫೌಂಡೇಶನ್ ತಗೋ. ಮೈಸೂರಲ್ಲಿ ಹಚ್ಚಿ ತೋರಿಸ್ತಾರೆ" ಅಂದಳು. ಹಚ್ಚಿ ತೋರಿಸ್ತಾರೆ ಅನ್ನೋ ಮಾತಿಗೆ ನಾನು ಒಪ್ಪಿದ್ದು. ಟ್ರಯಲ್ ನೋಡದೆ ಬ್ಲೌಸ್ ಕೊಡುವವಳಲ್ಲ ನಾನು.

ಒಂದು ದಿನ ಹೊರಟೆವು. ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಟಿಕೆಟ್ ಸೊನ್ನೆ. ಹೋಗುವಾಗ ಸೊನ್ನೆ, ಬರುವಾಗ ಸೊನ್ನೆ, ನಡುವೆ 4,500. ಅದನ್ನು ಆಮೇಲೆ ಹೇಳುತ್ತೇನೆ.

ಮಾಲ್‌ನ ಒಳಗಿನ ದೊಡ್ಡ ಅಂಗಡಿ. ಹೆಸರು ಬೇಡ. ಒಳಗೆ ಕಾಲಿಟ್ಟ ಕೂಡಲೇ ಸೆಂಟಿನ ವಾಸನೆ. ನೆಲ ಎಷ್ಟು ಹೊಳೆಯುತ್ತಿತ್ತು ಅಂದರೆ ನನ್ನ ಚಪ್ಪಲಿಯ ಪಟ್ಟಿ ಕಿತ್ತು ಹೊಲಿಸಿದ್ದು ಅದರಲ್ಲೂ ಕಾಣುತ್ತಿತ್ತು. ಸೀದಾ ನೋಡಿದರೆ ಸಾಲಾಗಿ ಕೌಂಟರ್‌ಗಳು, ಒಂದೊಂದಕ್ಕೂ ಒಂದೊಂದು ವಿದೇಶಿ ಹೆಸರು, ಒಂದೊಂದಕ್ಕೂ ಸುತ್ತ ಬಲ್ಬು ಹಾಕಿದ ಕನ್ನಡಿ. ಕರಿ ಪ್ಯಾಂಟು, ಕರಿ ಷರ್ಟು, ತುರುಬು ಕಟ್ಟಿದ ಹುಡುಗಿ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು "ಮುಖಕ್ಕೆ ಹಚ್ಚೋದು ನೋಡ್ಬೇಕಿತ್ತಮ್ಮ" ಅಂದೆ. "ಕೂತ್ಕೊಳ್ಳಿ ಮೇಡಂ" ಅಂದಳು. ಆ 'ಕೂತ್ಕೊಳ್ಳಿ' ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಇದು ನಮ್ಮ ಕಡೆ ಹುಡುಗಿ ಅಂತ.

ಎತ್ತರದ ಸ್ಟೂಲು. ಹತ್ತೋಕೆ ಮಗಳು ಕೈ ಕೊಡಬೇಕಾಯಿತು. ಹುಡುಗಿ ನನ್ನ ಸೆರಗಿನ ಮೇಲೆ ಒಂದು ಟಿಶ್ಯೂ ಹೊದಿಸಿ, ಹತ್ತಿಯಲ್ಲಿ ಏನೋ ನೀರು ಅದ್ದಿ ಮುಖ ಒರೆಸಿದಳು. ಹತ್ತಿಯ ಮೇಲೆ ಮಂಡ್ಯ-ಮೈಸೂರು ರಸ್ತೆಯ ಧೂಳೆಲ್ಲಾ ಬಂತು. ನಾಚಿಕೆ ಆಯಿತು. ಅವಳು ನೋಡಿಯೂ ನೋಡದವಳ ಹಾಗೆ ಅದನ್ನು ಬುಟ್ಟಿಗೆ ಹಾಕಿದಳು. 26 ವರ್ಷ ಬೇರೆಯವರ ಮೈ ಮೇಲೆ ಟೇಪು ಇಟ್ಟವಳು ನಾನು. ಕೈ ಎತ್ತಿ, ತಿರುಗಿ, ನೇರ ನಿಂತ್ಕೊಳ್ಳಿ ಅಂತ ಹೇಳೋದೇ ಅಭ್ಯಾಸ. ಇನ್ನೊಬ್ಬರು ಗಲ್ಲ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿದಾಗ ಕಣ್ಣು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ.

ಕೆಲಸದಲ್ಲಿ ಅಚ್ಚುಕಟ್ಟು ಹುಡುಗಿ, ಅದನ್ನು ಹೇಳಲೇಬೇಕು. ಬಾಟ್ಲಿಯಿಂದ ಸೀದಾ ಮುಖಕ್ಕೆ ತರಲಿಲ್ಲ. ಸ್ಟೀಲಿನ ಪುಟ್ಟ ತಟ್ಟೆಗೆ ಬಿಟ್ಟು, ಅಲ್ಲಿಂದ ಬ್ರಷ್‌ಗೆ ತೆಗೆದುಕೊಂಡಳು. ಲಿಪ್‌ಸ್ಟಿಕ್ಕನ್ನು ಚಿಕ್ಕ ಚಮಚದಲ್ಲಿ ಕೆರೆದು, ಬಳಸಿ ಬಿಸಾಡುವ ಕಡ್ಡಿಯಲ್ಲಿ ಹಚ್ಚಿದಳು. ಪಕ್ಕದ ಕೌಂಟರಿನಲ್ಲಿ ಒಬ್ಬರು ಎಲ್ಲರೂ ಹಚ್ಚಿ ನೋಡಲಿ ಅಂತ ಇಟ್ಟ ಟೆಸ್ಟರ್ ಲಿಪ್‌ಸ್ಟಿಕ್ಕನ್ನೇ ತುಟಿಗೆ ಒತ್ತಿಕೊಂಡರು, ಅವರ ಜೊತೆ ಬಂದವರೂ ಅದನ್ನೇ ಒತ್ತಿಕೊಂಡರು. ತುಟಿ ಹುಣ್ಣು ಹಿಂಗೇ ಹರಡೋದು. ಕಾಡಿಗೆ, ಮಸ್ಕಾರದ ಕಡ್ಡಿಯಿಂದ ಕಣ್ಣು ಕೆಂಪಾಗೋ ರೋಗವೂ ಬರುತ್ತದೆ. ಟೆಸ್ಟರ್ ಮುಟ್ಟುವ ಮುಂಚೆ ಸ್ಪಿರಿಟ್ ಹಾಕಿ ಒರೆಸಿ ಕೊಡಿ ಅಂತ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈ ಹುಡುಗಿ ಕೇಳದೇ ಮಾಡಿದಳು.

ಎಡವಟ್ಟಾಗಿದ್ದು ಬಣ್ಣದಲ್ಲಿ.

ಮೂರು ಬಾಟ್ಲಿ ತೆಗೆದಳು. ಮುಂಗೈ ಮೇಲೆ ಮೂರು ಗೀಟು ಎಳೆದಳು. ಮೂರೂ ನನ್ನ ಕೈಗಿಂತ ಬಿಳಿ. ನಾನು ಕೊನೆಯದನ್ನು ತೋರಿಸಿ "ಇದಕ್ಕಿಂತ ಗಾಢ ಇಲ್ವಾ?" ಅಂದೆ. "ಇದೇ ಕರೆಕ್ಟ್ ಮೇಡಂ, ಫಂಕ್ಷನ್‌ಗೆ ಅಲ್ವಾ, ಒಂದೆರಡು ಟೋನ್ ಬ್ರೈಟ್ ಇರ್ಲಿ. ಆಮೇಲೆ ಗಾಳಿಗೆ ಆಕ್ಸಿಡೈಸ್ ಆಗಿ ತಾನೇ ಡಾರ್ಕ್ ಆಗುತ್ತೆ" ಅಂದಳು. ಅದರಲ್ಲಿ ಅರ್ಧ ನಿಜ ಇದೆ. ಹಚ್ಚಿದ ಮೇಲೆ ಚರ್ಮದ ಎಣ್ಣೆಯೂ ಗಾಳಿಯೂ ಸೇರಿ ಕೆಲವು ಫೌಂಡೇಶನ್ ಅರ್ಧ ಗಂಟೆಯಲ್ಲಿ ಸ್ವಲ್ಪ ಗಾಢ ಆಗುತ್ತದೆ. ಸ್ವಲ್ಪ ಅಂದರೆ ಸ್ವಲ್ಪ. ಗೋಧಿ ಹಿಟ್ಟು ರಾಗಿ ಹಿಟ್ಟಾಗುವಷ್ಟಲ್ಲ.

ಬಲ್ಬಿನ ಕನ್ನಡಿಯಲ್ಲಿ ನೋಡಿದರೆ, ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಕಂಡೆ. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು. ಮಗಳು ಮೊಬೈಲಲ್ಲಿ ಫೋಟೋ ತೆಗೆದಳು. ನಾನು ಬಾಟ್ಲಿ ತಿರುಗಿಸಿ ರೇಟು ನೋಡಿದೆ. 30 ಎಂಎಲ್‌ಗೆ 4,500 ರೂಪಾಯಿ. ಮಿಲಿಗೆ 150. ಲೈನಿಂಗ್ ಬ್ಲೌಸ್‌ಗೆ ನಾನು 500 ತೆಗೆದುಕೊಳ್ಳುತ್ತೇನೆ, ಅಂದರೆ ಒಂಬತ್ತು ಬ್ಲೌಸ್, ಕೊಕ್ಕೆ ಕಾಜಾ ಸಮೇತ. ಮಗಳು ನನ್ನ ಮುಖ ನೋಡಿ "ಅಮ್ಮಾ, ಲೆಕ್ಕ ಹಾಕ್ಬೇಡ" ಅಂದಳು. ಲೆಕ್ಕ ಹಾಕಿ ಆಗಿತ್ತು.

ಬಿಲ್ಲಿನಲ್ಲಿ ಕೇಂದ್ರಕ್ಕೆ 9, ರಾಜ್ಯಕ್ಕೆ 9, ಒಟ್ಟು ಶೇ 18 ಜಿಎಸ್‌ಟಿ ಇತ್ತು. ರೇಟಿನೊಳಗೇ ಸೇರಿರುತ್ತದೆ, ಸುಮಾರು 686 ರೂಪಾಯಿ. ಕುಂಕುಮ, ಬಿಂದಿಗೆ ಜಿಎಸ್‌ಟಿ ಇಲ್ಲ. ಹಣೆಗೆ ತೆರಿಗೆ ಇಲ್ಲ, ಕೆನ್ನೆಗೆ ಇದೆ. ರಾತ್ರಿ ನಮ್ಮನೆಯವರಿಗೆ "ಬಾಟ್ಲಿಗೆ ನಾಲ್ಕೂವರೆ ಸಾವಿರ ಆಯ್ತು" ಅಂದಾಗ ಅವರು ಯಾವ ಬಾಟ್ಲಿ ಅಂದುಕೊಂಡರೋ, ಒಂದು ನಿಮಿಷ ಮಾತೇ ಆಡಲಿಲ್ಲ.

ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಮೇಲೆ ಬಸ್ಸು ಬಂದಾಗ ಬಿಸಿಲು ಸೀದಾ ಮುಖಕ್ಕೆ ಬಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಏನೇ ಅಂದೆ. "ಏನಿಲ್ಲ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಮೊಬೈಲ್ ಕ್ಯಾಮೆರಾ ತಿರುಗಿಸಿ ಕೈಗೆ ಕೊಟ್ಟಳು. ಮುಖ ಬೂದಿ ಬೂದಿ. ಹಿಟ್ಟಿನ ಗಿರಣಿಯಿಂದ ಈಗ ತಾನೇ ಎದ್ದು ಬಂದವಳ ಹಾಗೆ. ದವಡೆಯ ಕೆಳಗೆ ಗೀಟು ಎಳೆದಂತೆ ಬಣ್ಣ ನಿಂತಿತ್ತು, ಅಲ್ಲಿಂದ ಕೆಳಗೆ ನನ್ನ ಹಳೇ ಕುತ್ತಿಗೆ. ಮನೆ ಹತ್ತಿರ ಇಳಿದಾಗ ಪಕ್ಕದ ಮನೆಯವರು ಕೇಳಿದ್ದು, "ಯಾಕಕ್ಕ, ಹುಷಾರಿಲ್ವಾ?"

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಮಂಡ್ಯದ ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್‌ಗಳಿವೆ. ಗೋಡೆ ತುಂಬ ಲೈನಿಂಗ್ ಬಟ್ಟೆ, ಗಾಜಿನ ಡಬ್ಬಿಯಲ್ಲಿ ದಾರದ ಉಂಡೆ. ಕೆಂಪೊಂದರಲ್ಲೇ ಹತ್ತಿಪ್ಪತ್ತು ಬಗೆ. ಕುಂಕುಮಗೆಂಪು, ಇಟ್ಟಿಗೆ ಕೆಂಪು, ಮರೂನ್, ರಾಣಿ, ಈರುಳ್ಳಿ ಸಿಪ್ಪೆ. ಸೀರೆ ತೆಗೆದುಕೊಂಡು ಹೋದರೆ ಅಲ್ಲಿನ ಹುಡುಗ ಟ್ಯೂಬ್‌ಲೈಟಿನ ಕೆಳಗೆ ಎಂದೂ ತೀರ್ಮಾನ ಹೇಳಲ್ಲ. ಎರಡು ಮೂರು ತಾನು ಹೆಗಲಿಗೆ ಹಾಕಿಕೊಂಡು, ಸೀರೆಯ ಅಂಚು ಹಿಡಿದು, "ಬನ್ನಿ ಅಕ್ಕ" ಅಂತ ಬಾಗಿಲಿಗೆ ಬರುತ್ತಾನೆ. ಬಿಸಿಲಲ್ಲೂ ಹಿಡಿಯುತ್ತಾನೆ, ನೆರಳಲ್ಲೂ ಹಿಡಿಯುತ್ತಾನೆ. ಒಳಗೆ ಒಂದೇ ಅಂತ ಕಂಡ ಎರಡು ಬಣ್ಣ ಹೊರಗೆ ಬಂದರೆ ಬೇರೆ ಬೇರೆ. ಒಂದು ಅರಿಶಿನದ ಕಡೆ ವಾಲುತ್ತದೆ, ಇನ್ನೊಂದು ನೇರಳೆ ಕಡೆ. ಮೇಕಪ್‌ನವರು ಇದನ್ನೇ ಅಂಡರ್‌ಟೋನ್ ಅಂತಾರೆ, ವಾರ್ಮ್, ಕೂಲ್ ಅಂತ ಭಾಗ ಮಾಡ್ತಾರೆ. ನಮಗೆ ಅದು ಹೊಸದೇನಲ್ಲ. ನಿಶ್ಚಿತಾರ್ಥಕ್ಕೆ ಅಂತ ಮೈಸೂರು ಸಿಲ್ಕ್ ತೆಗೆದುಕೊಂಡಾಗಲೂ ಅಷ್ಟೇ. ಆ ಸೀರೆ ನೇಯೋ ಕಾರ್ಖಾನೆ ಮೈಸೂರಲ್ಲಿ ಶುರುವಾಗಿದ್ದು 1912ರಲ್ಲಿ. ಅವತ್ತಿಂದ ಇವತ್ತಿನವರೆಗೆ ಯಾವ ಹೆಂಗಸು ತಾನೇ ಸೀರೆಯನ್ನು ಬಾಗಿಲಿಗೆ ತಂದು ನೋಡದೆ ದುಡ್ಡು ಕೊಟ್ಟಿದ್ದಾಳೆ? 10 ರೂಪಾಯಿ ದಾರದ ಉಂಡೆಗೆ ಹೊಸಿಲು ದಾಟಿ ಬೆಳಕಿಗೆ ಬರುತ್ತಾರೆ. 4,500ರ ಬಾಟ್ಲಿಗೆ ಬಲ್ಬಿನ ಕನ್ನಡಿ ಬಿಟ್ಟು ಕದಲಲ್ಲ. ತಪ್ಪು ನನ್ನದೂ ಇದೆ. ಸೀರೆಗೆ ಎದ್ದು ಹೋಗುವವಳು ಮುಖಕ್ಕೆ ಯಾಕೆ ಎದ್ದು ಹೋಗಲಿಲ್ಲ? ಆ ಎತ್ತರದ ಸ್ಟೂಲಿನ ಮೇಲೆ ಕೂತರೆ ಬಾಯಿ ಕಟ್ಟಿ ಹೋಗುತ್ತದೆ, ಅದೇ ಕಾರಣ.

ನನ್ನ ತಮ್ಮನ ಮಗಳು ಕೆಮಿಸ್ಟ್ರಿ ಓದಿದ್ದಾಳೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ಹೇಳಿದಳು. ಸಿಐ ಅನ್ನೋದು ಬಣ್ಣಗಳಿಗೆ ಕೊಟ್ಟ ನಂಬರಂತೆ. ಸಿಐ 77491, 77492, 77499 ಅಂದರೆ ಕೆಂಪು, ಹಳದಿ, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡ್. ಸಿಐ 77891 ಅಂದರೆ ಟೈಟಾನಿಯಂ ಡೈಆಕ್ಸೈಡ್, ಅದು ಬಿಳಿ. ಈ ನಾಲ್ಕನ್ನು ಹೆಚ್ಚು ಕಡಿಮೆ ಬೆರೆಸಿದರೆ ಜಗತ್ತಿನ ಎಲ್ಲ ಮುಖದ ಬಣ್ಣವೂ ಬರುತ್ತದಂತೆ. "ಅತ್ತೆ, ಅಜ್ಜಿ ಮನೆ ಗೋಡೆ ಬುಡಕ್ಕೆ ಬಳೀತಿದ್ರಲ್ಲ ಕೆಮ್ಮಣ್ಣು, ಅದೂ ಇದೇ ಕಬ್ಬಿಣದ ಆಕ್ಸೈಡು" ಅಂದಳು. ನನಗೆ ನಗು ಬಂತು. ಹಬ್ಬ ಬಂದರೆ ಬಕೆಟ್ಟಲ್ಲಿ ಕಲಸಿ ಗೋಡೆಗೆ ಬಳಿದವಳು ನಾನೇ. ನನ್ನ ಬಾಟ್ಲಿಯಲ್ಲಿ ಬಿಳಿ ಜಾಸ್ತಿ, ಕೆಮ್ಮಣ್ಣು ಕಡಿಮೆ. ಕಪ್ಪು ಚರ್ಮದ ಮೇಲೆ ಬಿಳಿ ಜಾಸ್ತಿ ಬಿದ್ದರೆ ಬೆಳ್ಳಗೆ ಕಾಣಲ್ಲ, ಬೂದಿ ಬಣ್ಣ ಕಾಣುತ್ತದೆ. ಫ್ಲ್ಯಾಷ್ ಬಿದ್ದರಂತೂ ಮುಗೀತು. ಅವಳು ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆದು ತೋರಿಸಿದಳು. ಆ ಫೋಟೋ ಅಳಿಸು ಅಂತ ಎರಡು ಸಲ ಹೇಳಿದ್ದೇನೆ, ಅಳಿಸಿದ್ದಾಳೋ ಇಲ್ಲವೋ.

ಮುಂದಿನ ವಾರ ಬಾಟ್ಲಿ ತೆಗೆದುಕೊಂಡು ಮತ್ತೆ ಹೋದೆ. ಈ ಸಲ ಒಬ್ಬಳೇ. ತೆರೆದ ಬಾಟ್ಲಿ ವಾಪಸ್ ಇಲ್ಲ ಅಂತ ಬಿಲ್ಲಿನ ಹಿಂದೆ ಬರೆದಿತ್ತು. ಅದು ನ್ಯಾಯವೇ. ಇನ್ನೊಬ್ಬರು ಬಳಸಿ ವಾಪಸ್ ಕೊಟ್ಟಿದ್ದು ನನಗೂ ಬೇಡ. ನನ್ನ ಗಿರಾಕಿ ಒಬ್ಬರು ಲಾಯರಮ್ಮ. ಅವರು ಹೇಳಿದ ಪ್ರಕಾರ 2019ರ ಗ್ರಾಹಕ ಕಾಯ್ದೆಯಲ್ಲಿ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹಾಕಿದ ಅವಧಿಯೊಳಗೆ, ಅವಧಿ ಹಾಕದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು. ದೂರು ಇದ್ದರೆ 1915ಕ್ಕೆ ಫೋನ್ ಮಾಡಬಹುದು. ಆದರೆ ನನ್ನ ಬಾಟ್ಲಿಯಲ್ಲಿ ದೋಷ ಇಲ್ಲವಲ್ಲ! ಬೇರೆ ಯಾರದೋ ಮುಖಕ್ಕೆ ಅದು ಸರಿಯಾದ ಬಾಟ್ಲಿ. ಹಾಗಾಗಿ ಮಾರುವ ಮುಂಚೆ ಸರಿಯಾಗಿ ನೋಡಿ ಕೊಡೋದೊಂದೇ ದಾರಿ.

ಅದೇ ಹುಡುಗಿ ಇದ್ದಳು. ನನ್ನನ್ನು ನೋಡಿದ ಕೂಡಲೇ ಅವಳಿಗೆ ಅರ್ಥ ಆಯಿತು. ಜಗಳ ಆಡೋಕೆ ಬಂದಿಲ್ಲ ಕಣಮ್ಮ, ನನ್ನ ಬಣ್ಣ ಯಾವುದು ಅಂತ ತೋರಿಸು ಸಾಕು ಅಂದೆ. ಕಾರ್ಡು ತೆಗೆದಳು. ಕಾರ್ಡಿನಲ್ಲಿ 30 ಬಣ್ಣ ಇತ್ತು. ಐವರಿ, ಸ್ಯಾಂಡ್, ಹನಿ, ಕ್ಯಾರಮೆಲ್, ಆಮೇಲೆ ಕಾಫಿ ಹೆಸರಿನವು ಒಂದಿಷ್ಟು. ನನ್ನ ಬಣ್ಣ 22ನೆಯದು. ಕಾರ್ಡು ಕೆನ್ನೆಗೆ ಹಿಡಿದರೆ ಎಲ್ಲಿ ಕಾರ್ಡು, ಎಲ್ಲಿ ಕೆನ್ನೆ ಅಂತ ಗೊತ್ತಾಗದ ಹಾಗೆ ಕೂತಿತು. "ಇದು ಕೊಡು." "ಇದು ಇಲ್ಲ ಮೇಡಂ." ಡ್ರಾಯರ್ ಎಳೆದು ತೋರಿಸಿದಳು. 1ರಿಂದ 14ರವರೆಗೆ ಬಾಟ್ಲಿ. ಅಲ್ಲಿಂದ ಮುಂದೆ ಡ್ರಾಯರ್ ಖಾಲಿ, ತಳದಲ್ಲಿ ಒಂದು ಬಿಲ್ ಪುಸ್ತಕ, ಅವಳ ಊಟದ ಡಬ್ಬಿ.

ಆಗ 'ಮೇಡಂ' ಹೋಗಿ 'ಅಕ್ಕ' ಬಂತು. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಹೇಳಿದಳು, "ಡಾರ್ಕ್ ನಂಬರ್ ಮೂವ್ ಆಗಲ್ಲ ಅಂತ ಇಲ್ಲಿಗೆ ಕಳ್ಸಲ್ಲ ಅಕ್ಕ. ಬಂದ್ರೆ ತಾನೇ ಮೂವ್ ಆಗೋದು? ಇರೋದ್ರಲ್ಲೇ ಮಾರ್ಬೇಕು, ಟಾರ್ಗೆಟ್ ಇರುತ್ತೆ." ಅವಳು ಮಾತಾಡುವಾಗ ನಾನು ಅವಳ ಕುತ್ತಿಗೆ ನೋಡಿದೆ. ಬೇಕಂತ ನೋಡಿದ್ದಲ್ಲ, ಅಳತೆ ತೆಗೆಯುವವಳ ಕಣ್ಣು ಕುತ್ತಿಗೆಗೇ ಹೋಗುತ್ತದೆ. ಕರಿ ಕಾಲರಿನ ಮೇಲೆ ಒಂದು ಬೆರಳಗಲ ಅವಳ ಸ್ವಂತ ಬಣ್ಣ. ಅದರ ಮೇಲೆ, ಕಿವಿಯ ಕೆಳಗಿಂದ ಗಲ್ಲದವರೆಗೆ, ನನ್ನ ಮುಖದಲ್ಲಿ ಬಂದಿತ್ತಲ್ಲ, ಅದೇ ಗೀಟು. ಅವಳೂ ನನ್ನ ಹಾಗೇ 20ರ ಮೇಲಿನ ನಂಬರಿನವಳು. ದಿನಾ ಬೆಳಿಗ್ಗೆ ಆ ಡ್ರಾಯರಿನಲ್ಲಿ ಇರೋದನ್ನೇ ಹಚ್ಚಿಕೊಂಡು ನಿಲ್ಲಬೇಕು. ನನಗೆ ಅವಳ ಮೇಲಿದ್ದ ಸಿಟ್ಟು ಅಲ್ಲೇ ಇಳಿದು ಹೋಯಿತು.

ಬಣ್ಣ ತಯಾರೇ ಆಗಲ್ಲ ಅಂದಿದ್ದರೆ ಸುಮ್ನೆ ಇರುತ್ತಿದ್ದೆ. ತಯಾರಾಗುತ್ತದೆ. 2017ರಲ್ಲಿ ಅಮೆರಿಕದಲ್ಲಿ ರಿಹಾನಾ ಅನ್ನೋ ಗಾಯಕಿ ಫೆಂಟಿ ಅಂತ ಕಂಪನಿ ಶುರುಮಾಡಿ ಒಂದೇ ಸಲಕ್ಕೆ 40 ಬಣ್ಣ ತಂದಳು. ಅವಳ ಹಿಂದೆ ಉಳಿದವರೂ ಕಾರ್ಡು ಉದ್ದ ಮಾಡಿದರು. ಇದೆಲ್ಲ ಮಗಳು ಹೇಳಿದ್ದು. ನಮ್ಮ ದೇಶದಲ್ಲೇ ಟಾಟಾದವರು ಲ್ಯಾಕ್ಮೆ ಶುರುಮಾಡಿ, 1952ರಿಂದ ಲೆಕ್ಕ ಹಾಕಿದರೆ, 70 ವರ್ಷ ದಾಟಿತು. ಬಣ್ಣ ಇದೆ, ಕಾರ್ಡಿನಲ್ಲೂ ಇದೆ. ಮೈಸೂರಿನ ಡ್ರಾಯರಿಗೆ ಬರುತ್ತಿಲ್ಲ ಅಷ್ಟೇ. ಮೈಸೂರು, ಮಂಡ್ಯ, ಚಾಮರಾಜನಗರದ ಹೆಂಗಸರೆಲ್ಲ 14ನೇ ನಂಬರಿಗೆ ಮುಗಿದು ಹೋಗುತ್ತಾರೆ ಅಂತ ಯಾರು ಲೆಕ್ಕ ಹಾಕಿದರೋ. ಒಂದು ಸಲ ನಮ್ಮ ಸಂತೆಗೆ ಬಂದು ನೋಡಲಿ.

ನಾವೂ ಸಾಚಾ ಅಲ್ಲ ಬಿಡಿ. ನಮ್ಮ ಆಲೆಮನೆಗಳನ್ನೇ ನೋಡಿ. ಕಬ್ಬಿನ ಹಾಲು ಕಾಸಿ ಬೆಲ್ಲ ಮಾಡಿದರೆ ಸಹಜವಾಗಿ ಬರೋದು ಕಂದು ಬಣ್ಣ. ಪೇಟೆಯಲ್ಲಿ ಅದಕ್ಕೆ ರೇಟಿಲ್ಲ, ಬೆಳ್ಳಗಿರೋ ಅಚ್ಚಿಗೆ ಜಾಸ್ತಿ. ಅದಕ್ಕೇ ಪಾಕಕ್ಕೆ ಹೈಡ್ರೋಸ್ ಪುಡಿ ಹಾಕಿ ಬಿಳಿ ಮಾಡೋದು. ತಿನ್ನೋರಿಗೆ ಒಳ್ಳೇದಲ್ಲ ಅಂತ ಮಾಡೋರಿಗೂ ಗೊತ್ತು, ಕೊಳ್ಳೋರಿಗೂ ಗೊತ್ತು. ಈಗೀಗ ಕೆಮಿಕಲ್ ಹಾಕದ ಕಪ್ಪು ಬೆಲ್ಲ ಅಂತ ಹುಡುಕಿಕೊಂಡು ಬಂದು ಜಾಸ್ತಿ ದುಡ್ಡು ಕೊಡೋರೂ ಇದ್ದಾರೆ. ಹೆಣ್ಣು ನೋಡೋಕೆ ಬಂದಾಗ ಮಾತ್ರ ಇನ್ನೂ ಹೈಡ್ರೋಸ್ ಬೆಲ್ಲದ ಲೆಕ್ಕವೇ. ಬೆಳ್ಳಗಾಗುವ ಆ ಪ್ರಸಿದ್ಧ ಕ್ರೀಮು ಪೇಟೆಗೆ ಬಂದದ್ದು 1975ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಇಬ್ಬರೂ ಜೊತೆಗೇ ಬೆಳೆದೆವು. 2020ರಲ್ಲಿ ಅದರ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಹಾಕಿದರು. ನಮ್ಮತ್ತೆ ಇವತ್ತಿಗೂ ಅಂಗಡಿಯಲ್ಲಿ ಹಳೇ ಹೆಸರು ಹೇಳಿಯೇ ಕೇಳುತ್ತಾರೆ, ಅಂಗಡಿಯವನೂ ಕೊಡುತ್ತಾನೆ.

ನಿಶ್ಚಿತಾರ್ಥದ ದಿನ ಏನು ಮಾಡಿದೆ ಅಂತ ಕೇಳುತ್ತೀರಿ. ಮಂಡ್ಯದ ಫ್ಯಾನ್ಸಿ ಸ್ಟೋರಿನಲ್ಲಿ ತುಂಬಾ ಗಾಢ ಬಣ್ಣದ ಒಂದು ಚಿಕ್ಕ ಬಾಟ್ಲಿ ಸಿಕ್ಕಿತು, 350 ರೂಪಾಯಿ. ಬೆಳಿಗ್ಗೆ ಆರೂವರೆಗೆ ಹಿತ್ತಲ ಬಾಗಿಲಲ್ಲಿ ಕೂತು ಸ್ಟೀಲ್ ತಟ್ಟೆಯಲ್ಲಿ ಎರಡನ್ನೂ ಬೆರೆಸಿದೆ. ದುಬಾರಿಯದು ಎರಡು ತೊಟ್ಟು, ಅಗ್ಗದ್ದು ಮೂರು ತೊಟ್ಟು. ದವಡೆ ಮೇಲೆ ಸ್ವಲ್ಪ ಹಚ್ಚಿ ಒಂದು ಲೋಟ ಕಾಫಿ ಕುಡಿದು ಬಂದು ನೋಡಿದೆ. ಇನ್ನೊಂದು ತೊಟ್ಟು ಕಪ್ಪು ಬೇಕಿತ್ತು, ಹಾಕಿದೆ. ಆಮೇಲೆ ಹಚ್ಚಿದ ಜಾಗ ಹುಡುಕಿದರೂ ಸಿಗಲಿಲ್ಲ. ತಮ್ಮನ ಮಗಳು ನೋಡಿ "ಅತ್ತೆ, ನೀವೇ ಕಂಪನಿ ಇಡಬಹುದು" ಅಂದಳು. ಫೋಟೋದಲ್ಲಿ ಮುಖ, ಕುತ್ತಿಗೆ, ಕೈ ಮೂರೂ ಒಬ್ಬಳದೇ ಅಂತ ಗೊತ್ತಾಗುತ್ತದೆ. ಅಷ್ಟು ದುಡ್ಡು ಕೊಟ್ಟ ಬಾಟ್ಲಿಯ ಗುಣವೂ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಮಧ್ಯಾಹ್ನ ಊಟದ ಪಂಕ್ತಿಯಲ್ಲಿ ಬಡಿಸಿ ಬೆವರಿದರೂ ಕದಲಲಿಲ್ಲ.

ಆದರೆ 4,500 ಕೊಟ್ಟವರು ಹಿತ್ತಲಲ್ಲಿ ಕೂತು ಬಣ್ಣ ಕಲಸಬೇಕಾ?

ಈ ಪತ್ರವನ್ನು ಮೈಸೂರಿನ ಅಂಗಡಿಗಳ ಮ್ಯಾನೇಜರ್‌ಗಳು ಓದಿದರೆ ನನ್ನದು ಇಷ್ಟೇ ಕೋರಿಕೆ. 14ರ ಮುಂದಿನ ನಂಬರುಗಳನ್ನು ಒಂದೊಂದಾದರೂ ತರಿಸಿ ಇಡಿ. ಬಾಟ್ಲಿ ಬೇಡ, ಟೆಸ್ಟರ್ ಆದರೂ ಇರಲಿ, ನಂಬರ್ ಗೊತ್ತಾದರೆ ತರಿಸಿಕೊಳ್ಳುತ್ತೇವೆ. ಮಾಲ್‌ನ ಬಾಗಿಲ ಹತ್ತಿರ ಗಾಜಿನ ಗೋಡೆ ಇದ್ದೇ ಇದೆ, ಅಲ್ಲೊಂದು ಬಲ್ಬಿಲ್ಲದ ಸಾದಾ ಕನ್ನಡಿ ಹಾಕಿ. ಮುಂಗೈಗೆ ಹಚ್ಚಬೇಡಿ, ದವಡೆಗೆ ಹಚ್ಚಿ, ಅರ್ಧ ಗಂಟೆ ಸುತ್ತಾಡಿ ಬನ್ನಿ ಅಂತ ಕಳಿಸಿ. ನಾವೇನು ಓಡಿ ಹೋಗಲ್ಲ. ಓಡಿ ಹೋದರೂ ನಷ್ಟ ಒಂದು ತೊಟ್ಟು. ಎರಡು ದಿನಕ್ಕಾಗುವಷ್ಟು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಟ್ಟರೆ ಇನ್ನೂ ಒಳ್ಳೆಯದು. ಕೆಲವು ಕಡೆ ಕೇಳಿದರೆ ಕೊಡುತ್ತಾರಂತೆ, ಕೇಳಬಹುದು ಅಂತ ನನಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಆ ಎತ್ತರದ ಸ್ಟೂಲು ಗಿರಾಕಿಗೆ ಮಾತ್ರ. ಹುಡುಗಿ ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ನಾನು ಎರಡನೇ ಸಲ ಹೋದಾಗ ಕೌಂಟರಿನ ಹಿಂದೆ ಷೂ ಬಿಚ್ಚಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ನಿಂತಿದ್ದಳು, ನನ್ನನ್ನು ನೋಡಿ ಗಡಬಡಿಸಿ ಷೂ ಹಾಕಿಕೊಂಡಳು. ಅಂಗಡಿ ಕೆಲಸದವರಿಗೆ ಕೂರೋಕೆ ಆಸನ ಕೊಡಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕಾನೂನಿಗೆ ಕಾಯದೆ ನಮ್ಮ ಮೈಸೂರಿನ ಅಂಗಡಿಯವರೂ ಒಂದು ಸ್ಟೂಲ್ ಹಾಕಬಹುದು, ಅಲ್ವಾ?

ಓದುಗರಲ್ಲೂ ಒಂದು ಮಾತು ಕೇಳಿಕೊಳ್ಳುತ್ತೇನೆ. ಆ ಹುಡುಗಿ ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಪಟ್ಟಿ ಇಟ್ಟಿದ್ದಾಳೆ. ಇಲ್ಲದ ನಂಬರ್ ಕೇಳಿಕೊಂಡು ಬಂದವರನ್ನು ದಿನಾಂಕ ಸಮೇತ ಬರೆಯುತ್ತಾಳೆ. ತಿಂಗಳ ಕೊನೆಗೆ ಮೇಲಿನವರಿಗೆ ತೋರಿಸುತ್ತಾಳಂತೆ. ಬಹಳ ಜನ ನಂಬರ್ ಕೇಳದೇ ಕೊಟ್ಟಿದ್ದು ತೆಗೆದುಕೊಂಡು ಹೋಗುತ್ತಾರೆ, ಇಲ್ಲ ಮುಖ ಸಣ್ಣ ಮಾಡಿಕೊಂಡು ಎದ್ದು ಹೋಗುತ್ತಾರೆ. ಯಾವ ಅಂಗಡಿಗಾದರೂ ಹೋಗಿ, ಕೊಳ್ಳದಿದ್ದರೂ ಪರವಾಗಿಲ್ಲ, ಕಾರ್ಡು ಕೆನ್ನೆಗೆ ಹಿಡಿದು ನಿಮ್ಮ ನಂಬರ್ ಕೇಳಿ, ಬರೆದುಕೊಳ್ಳಿ ಅನ್ನಿ.

ಹೋದ ಮಂಗಳವಾರ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನಾನು ಬ್ಲೌಸ್ ಹೊಲಿಯುತ್ತೇನೆ ಅಂತ ಅವತ್ತು ಮಾತಿಗೆ ಹೇಳಿದ್ದೆ. ಅವಳ ವಾರದ ರಜೆ. ಮೇಕಪ್ ಇಲ್ಲ, ಜಡೆ ಹಾಕಿಕೊಂಡಿದ್ದಳು, ಬಾಗಿಲಲ್ಲಿ ನಿಂತಾಗ ಗುರುತೇ ಸಿಗಲಿಲ್ಲ. ಅಕ್ಕನ ಮದುವೆಗೆ ಅಂತ ಗಿಣಿಹಸಿರು ಸೀರೆ ತಂದಿದ್ದಳು. ಕೂರು ಅಂದರೆ ಕೂರದೆ ಅಭ್ಯಾಸಬಲದಿಂದ ನಿಂತೇ ಇದ್ದಳು. ಪಟ್ಟಿ ಎಲ್ಲಿಗೆ ಬಂತಮ್ಮ ಅಂದೆ. "ನಿಮ್ಮದು ಸೇರಿ ಹನ್ನೊಂದು ಅಕ್ಕ. ನಂದೂ ಸೇರಿಸ್ಕೊಂಡ್ರೆ ಹನ್ನೆರಡು. ಸ್ಟಾಫ್ ಹೆಸರು ಬರೆಯೋ ಹಾಗಿಲ್ಲ" ಅಂದಳು.

ಇಂತಿ,
ಒಬ್ಬ ದರ್ಜಿ, ಮಂಡ್ಯ
(ಹೆಸರು, ವಿಳಾಸ ನಿಮ್ಮ ಕಚೇರಿಗೆ ಮಾತ್ರ. ಆ ಹುಡುಗಿಯ ಕೆಲಸಕ್ಕೆ ತೊಂದರೆ ಆಗಬಾರದು.)